ಡಿಪ್ರೆಶನ್ ಮಾತ್ರೆಯ ಸೈಡ್ ಎಫೆಕ್ಟ್: ಹೆದರದೆ, ಮುಚ್ಚಿಡದೆ ನಿಭಾಯಿಸುವುದು ಹೇಗೆ?

ಕಕ್ಕಡ ತಿಂಗಳ 18ರ ದಿನ ಕೊಡಗಿನ ಮನೆಗಳಲ್ಲಿ ಮದ್ದು ಸೊಪ್ಪಿನ ಪಾಯಸ ಮಾಡುತ್ತೇವೆ. ಸೊಪ್ಪು ಬೇಯಿಸಿದ ನೀರು ಕಡು ನೇರಳೆ ಬಣ್ಣಕ್ಕೆ ತಿರುಗುತ್ತದೆ. ಪಾಯಸ ತಿಂದ ಮೇಲೆ ಮೂತ್ರ ಕೆಂಪಗೆ ಹೋಗುತ್ತದೆ. ನಮ್ಮಲ್ಲಿ ಯಾರೂ ಅದಕ್ಕೆ ಹೆದರಿ ಆಸ್ಪತ್ರೆಗೆ ಓಡುವುದಿಲ್ಲ. ಚಿಕ್ಕ ಮಕ್ಕಳಿಗೂ ಮೊದಲೇ ಹೇಳಿರುತ್ತೇವೆ. ಆದರೆ ಹೊರಗಿನಿಂದ ಬಂದ ನೆಂಟರಿಗೆ ಹೇಳುವುದನ್ನು ಮರೆತರೆ ಬೆಳಿಗ್ಗೆ ಅವರ ಮುಖ ನೋಡಬೇಕು, ಪಾಪ, ಬಿಳಿಚಿಕೊಂಡಿರುತ್ತದೆ.

ಡಿಪ್ರೆಶನ್ ಮಾತ್ರೆಯ ವಿಷಯದಲ್ಲಿ ನಾನು ಆ ನೆಂಟರ ಹಾಗೆ ಇದ್ದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದ ಮೇಲೆ ನನ್ನ ನಿದ್ದೆ ಹೋಯಿತು. ಆಮೇಲೆ ಊಟ ಸೇರದಾಯಿತು, ಮಾತು ಬೇಡವಾಯಿತು. ಕೊನೆಗೆ ಒಬ್ಬರು ವೈದ್ಯರು ಎಸ್ಸಿಟಾಲೋಪ್ರಾಮ್ ಬರೆದುಕೊಟ್ಟರು. ಹೊರಗೆ ಸಾಲಿನಲ್ಲಿ ಬಹಳ ಜನ ಕಾಯುತ್ತಿದ್ದರು. "ರಾತ್ರಿ ಒಂದು, ತಿಂಗಳು ಬಿಟ್ಟು ಬನ್ನಿ" ಎಂದಷ್ಟೇ ಹೇಳಿದರು. ಮೂರನೇ ದಿನ ಹೊಟ್ಟೆ ತೊಳೆಸಿತು, ಕೈ ನಡುಗಿತು, ನಿದ್ದೆ ಇನ್ನೂ ಕೆಟ್ಟಿತು. ಮಾತ್ರೆ ನನಗೆ ಒಗ್ಗಲಿಲ್ಲ ಅಂದುಕೊಂಡು ಐದನೇ ದಿನ ಬಿಟ್ಟೆ. ಇನ್ನು ಒಂದೆರಡು ವಾರ ತಡೆದುಕೊಂಡಿದ್ದರೆ ಹೆಚ್ಚಿನದೆಲ್ಲ ಇಳಿಯುತ್ತಿತ್ತು ಎಂದು ಹೇಳುವವರು ಯಾರೂ ಇರಲಿಲ್ಲ. ಮತ್ತೆ ಶುರು ಮಾಡುವ ಹೊತ್ತಿಗೆ ನಾಲ್ಕು ತಿಂಗಳು ಕಳೆದಿತ್ತು. ಆ ನಾಲ್ಕು ತಿಂಗಳು ನಿಮ್ಮ ಮನೆಯ ಯಾರಿಗೂ ವ್ಯರ್ಥವಾಗಬಾರದು ಎಂದು ಇದನ್ನು ಬರೆಯುತ್ತಿದ್ದೇನೆ.

ನಾನು ವೈದ್ಯೆ ಅಲ್ಲ. ಡೋಸ್ ಎಷ್ಟು, ಯಾವ ಮಾತ್ರೆ ಎನ್ನುವುದು ನಿಮ್ಮ ವೈದ್ಯರು ತೀರ್ಮಾನಿಸಬೇಕಾದ ವಿಷಯ. ಏನು ಆಗಬಹುದು, ಯಾವುದನ್ನು ತಾಳಿಕೊಳ್ಳಬಹುದು, ಯಾವುದಕ್ಕೆ ಕೂಡಲೇ ಓಡಬೇಕು ಎನ್ನುವುದು ಮಾತ್ರ ಇಲ್ಲಿದೆ.

ಹೆಜ್ಜೆ 1: ಸ್ಟ್ರಿಪ್ ತಿರುಗಿಸಿ ಓದಿ

ಮೆಡಿಕಲ್ ಶಾಪ್‌ನಿಂದ ತಂದ ಕೂಡಲೇ ಸ್ಟ್ರಿಪ್‌ನ ಹಿಂಭಾಗ ನೋಡಿ. ಕಂಪನಿ ಇಟ್ಟ ಹೆಸರು ದೊಡ್ಡದಾಗಿರುತ್ತದೆ, ಔಷಧಿಯ ನಿಜವಾದ ಹೆಸರು ಸಣ್ಣ ಅಕ್ಷರದಲ್ಲಿರುತ್ತದೆ. ನಿಮಗೆ ಬೇಕಾದದ್ದು ಆ ಸಣ್ಣ ಅಕ್ಷರ. ಓದಲು ಕಷ್ಟವಾದರೆ ಮನೆಯ ಮಕ್ಕಳ ಕೈಯಲ್ಲಿ ಓದಿಸಿ, ಅಥವಾ ಅಂಗಡಿಯವರನ್ನೇ ಕೇಳಿ ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ಎಸ್ಸಿಟಾಲೋಪ್ರಾಮ್, ಸರ್ಟ್ರಲಿನ್, ಫ್ಲುಯೋಕ್ಸೆಟಿನ್, ಪ್ಯಾರೋಕ್ಸೆಟಿನ್ ಒಂದೇ ಗುಂಪಿನವು. ಈಗ ಜಾಸ್ತಿ ಬರೆದುಕೊಡುವುದು ಇವನ್ನೇ. ಮೆದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕ ಬೇಗ ಹಿಂದಕ್ಕೆ ಹೀರಿಹೋಗದಂತೆ ಇವು ತಡೆಯುತ್ತವೆ. ವೆನ್ಲಾಫ್ಯಾಕ್ಸಿನ್ ಮತ್ತು ಡ್ಯುಲೋಕ್ಸೆಟಿನ್ ಇನ್ನೊಂದು ಗುಂಪು. ಅಮಿಟ್ರಿಪ್ಟಿಲಿನ್, ಇಮಿಪ್ರಮಿನ್ ಹಳೆಯ ಕಾಲದವು. 1950ರ ದಶಕದ ಕೊನೆ, 1960ರ ದಶಕದ ಆರಂಭದಿಂದ ಬಳಕೆಯಲ್ಲಿವೆ. ಮಿರ್ಟಾಜಪಿನ್ ಬೇರೆಯೇ ಜಾತಿ. ಗುಂಪು ಬೇರೆಯಾದರೆ ತೊಂದರೆಯೂ ಬೇರೆ. ಪಕ್ಕದ ಮನೆಯ ಅಕ್ಕನಿಗೆ ಆದದ್ದೇ ನಿಮಗೂ ಆಗಬೇಕೆಂದಿಲ್ಲ.

ಇಲ್ಲೊಂದು ವಿಷಯ ಗಮನಿಸಿ. ಸಣ್ಣ ಅಕ್ಷರದಲ್ಲಿ ಎರಡು ಹೆಸರು ಇದ್ದರೆ ಒಂದು ಮಾತ್ರೆಯೊಳಗೆ ಎರಡು ಔಷಧಿ ಇದೆ ಎಂದರ್ಥ. ಎಸ್ಸಿಟಾಲೋಪ್ರಾಮ್ ಜೊತೆ ಕ್ಲೋನಾಜೆಪಾಮ್ ಸೇರಿಸಿದ ಮಾತ್ರೆ ನಮ್ಮ ದೇಶದಲ್ಲಿ ತುಂಬಾ ಓಡುತ್ತದೆ. ಕ್ಲೋನಾಜೆಪಾಮ್ ಆತಂಕ ಇಳಿಸಿ ನಿದ್ದೆ ತರಿಸುತ್ತದೆ. ಮೊದಲ ಕೆಲವು ವಾರಕ್ಕೆ ಅದರಿಂದ ಉಪಕಾರವಿದೆ. ಆದರೆ ದಿನವೂ ತೆಗೆದುಕೊಂಡರೆ ಅದಕ್ಕೆ ದೇಹ ಅಂಟಿಕೊಳ್ಳುತ್ತದೆ. "ಡಿಪ್ರೆಶನ್ ಮಾತ್ರೆ ಚಟ ಹಿಡಿಸುತ್ತದೆ" ಎಂಬ ಮಾತು ಹುಟ್ಟಿದ್ದು ಹೆಚ್ಚಾಗಿ ಇಂಥ ಜೋಡಿ ಮಾತ್ರೆಯಿಂದ ಎಂದು ನನ್ನ ಅನಿಸಿಕೆ. ಎಸ್ಸಿಟಾಲೋಪ್ರಾಮ್‌ಗೆ ಸಾರಾಯಿಯ ಹಾಗೆ ಇನ್ನೂ ಬೇಕು, ಮತ್ತೂ ಬೇಕು ಎನ್ನುವ ಚಟ ಇಲ್ಲ. ಜೋಡಿ ಮಾತ್ರೆ ಕೊಟ್ಟಿದ್ದರೆ "ಕ್ಲೋನಾಜೆಪಾಮ್ ಎಷ್ಟು ದಿನ?" ಎಂದು ಮೊದಲ ದಿನವೇ ಕೇಳಿ. ಅದನ್ನೂ ತಾವಾಗಿಯೇ ಒಮ್ಮೆಗೇ ನಿಲ್ಲಿಸಬಾರದು.

ಬೆನ್ನು ನೋವಿಗೋ ತಲೆನೋವಿಗೋ ಹೋದಾಗ 10 ಮಿಲಿಗ್ರಾಂ ಅಮಿಟ್ರಿಪ್ಟಿಲಿನ್ ಕೊಟ್ಟಿದ್ದರೆ ಗಾಬರಿ ಬೇಡ. ನರದ ನೋವಿಗೆ, ಮೈಗ್ರೇನ್‌ಗೆ ಸಣ್ಣ ಡೋಸ್‌ನಲ್ಲಿ ಅದನ್ನು ಕೊಡುತ್ತಾರೆ. ನಿಮಗೆ ಹುಚ್ಚು ಅಂತ ಯಾರೂ ಬರೆದಿಲ್ಲ.

ಹೆಜ್ಜೆ 2: ವೈದ್ಯರ ಮುಂದೆ ಎಲ್ಲ ಹೇಳಿ, ಕುಡಿತವನ್ನೂ

ಬಿ.ಪಿ. ಮಾತ್ರೆ, ಶುಗರ್ ಮಾತ್ರೆ, ರಕ್ತ ತೆಳುವಾಗಲು ಕೊಟ್ಟ ಮಾತ್ರೆ, ನಾಟಿ ಮದ್ದು, ಆಯುರ್ವೇದದ ಚೂರ್ಣ, ಎಲ್ಲದರ ಪಟ್ಟಿ ತೆಗೆದುಕೊಂಡು ಹೋಗಿ. ಪಟ್ಟಿ ಬರೆಯಲು ಬೇಸರವಾದರೆ ಎಲ್ಲ ಸ್ಟ್ರಿಪ್‌ಗಳನ್ನು ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಇಡಿ. ಕಣ್ಣಿನ ಗ್ಲಾಕೋಮಾ, ಪ್ರಾಸ್ಟೇಟ್, ಹೃದಯದ ಬಡಿತದ ತೊಂದರೆ, ಫಿಟ್ಸ್ ಇದ್ದರೆ ಅದೂ ಗೊತ್ತಾಗಬೇಕು.

ಇನ್ನೊಂದು ಸಂಗತಿಯನ್ನು ಜನ ಹೇಳುವುದೇ ಇಲ್ಲ. ಹಿಂದೆ ಯಾವಾಗಲಾದರೂ ಕಾರಣವಿಲ್ಲದೆ ವಾರಗಟ್ಟಲೆ ವಿಪರೀತ ಹುರುಪು ಬಂದಿತ್ತಾ? ಎರಡೇ ಗಂಟೆ ಮಲಗಿದರೂ ಸಾಕೆನಿಸಿತ್ತಾ? ಸಾಲ ಮಾಡಿ ಸಿಕ್ಕಿದ್ದೆಲ್ಲ ಖರೀದಿ ಮಾಡಿದ್ದಿರಾ? ನಿಮಗಲ್ಲದಿದ್ದರೂ ನಿಮ್ಮ ತಂದೆಗೋ ಅಕ್ಕನಿಗೋ ಹೀಗೆ ಆಗಿತ್ತಾ? ಇದನ್ನು ಹೇಳಲೇಬೇಕು. ಬೈಪೋಲಾರ್ ಕಾಯಿಲೆ ಇರುವವರಿಗೆ ಬರೀ ಡಿಪ್ರೆಶನ್ ಮಾತ್ರೆ ಕೊಟ್ಟರೆ ಆ ಹುರುಪು ಉಕ್ಕಿ ಬರಬಹುದು. ಅವರಿಗೆ ಚಿಕಿತ್ಸೆಯೇ ಬೇರೆ.

ಕುಡಿತದ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಮದುವೆ, ಪುತ್ತರಿ, ಕೈಲ್‌ಪೊಳ್ದ್ ಯಾವುದೂ ಗ್ಲಾಸ್ ಇಲ್ಲದೆ ಮುಗಿಯುವುದಿಲ್ಲ. ಅದರಲ್ಲಿ ಮುಚ್ಚುಮರೆ ಇಲ್ಲ, ಹಾಗಿದ್ದ ಮೇಲೆ ವೈದ್ಯರ ಮುಂದೆ ಮಾತ್ರ ಏಕೆ ಮುಚ್ಚಿಡಬೇಕು? "ಅಪರೂಪಕ್ಕೆ ಒಂದು ಪೆಗ್" ಎಂದು ಹೇಳಿ ದಿನಾ ಮೂರು ಕುಡಿಯುತ್ತಿದ್ದರೆ ಅವರು ಕೊಡುವ ಮಾತ್ರೆಯ ಲೆಕ್ಕವೇ ತಪ್ಪುತ್ತದೆ. ಮದ್ಯ ತಾನೇ ಮನಸ್ಸನ್ನು ಕುಗ್ಗಿಸುತ್ತದೆ. ಮಾತ್ರೆಯ ಮಂಪರಿನ ಮೇಲೆ ಅದರ ಮಂಪರೂ ಸೇರುತ್ತದೆ. ಕ್ಲೋನಾಜೆಪಾಮ್, ಮಿರ್ಟಾಜಪಿನ್, ಅಮಿಟ್ರಿಪ್ಟಿಲಿನ್ ಜೊತೆ ಕುಡಿಯುವುದಂತೂ ಅಪಾಯ. ಮನೆಯಲ್ಲೇ ಮಾಡಿದ ವೈನ್ ಕೂಡ ಮದ್ಯವೇ.

ಹಾಗಂತ ದಿನವೂ ಜೋರಾಗಿ ಕುಡಿಯುವವರು ಮಾತ್ರೆ ಶುರುವಾಯಿತೆಂದು ಒಂದೇ ದಿನಕ್ಕೆ ಕುಡಿತ ನಿಲ್ಲಿಸಬೇಡಿ. ಮೈ ನಡುಕ, ಫಿಟ್ಸ್, ಭ್ರಮೆ ಬರಬಹುದು. ಅದನ್ನೂ ವೈದ್ಯರ ಕೈಯಲ್ಲಿ, ಅದಕ್ಕೆ ಬೇಕಾದ ಔಷಧಿಯ ಜೊತೆಗೇ ಬಿಡಬೇಕು.

ಹೆಜ್ಜೆ 3: ಮೊದಲ ಎರಡು ವಾರ

ಕಷ್ಟದ ಕಾಲ ಇದೇ. ಏಕೆಂದರೆ ತೊಂದರೆ ಮೊದಲ ದಿನದಿಂದಲೇ ಬರುತ್ತದೆ, ಗುಣ ಮಾತ್ರ ನಿಧಾನವಾಗಿ ಬರುತ್ತದೆ. ಮನಸ್ಸಿಗೆ ಸ್ವಲ್ಪ ಹಗುರ ಅನಿಸಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ಪೂರ್ತಿ ಗುಣ ಕಾಣಲು ಆರರಿಂದ ಎಂಟು ವಾರ. ಈ ನಡುವಿನ ದಿನಗಳಲ್ಲೇ ನನ್ನಂಥವರು ಮಾತ್ರೆ ಬಿಡುವುದು.

ಹೊಟ್ಟೆ ತೊಳೆಸುವುದು ಎಲ್ಲಕ್ಕಿಂತ ಸಾಮಾನ್ಯ. ಮೆದುಳಿನ ಮಾತ್ರೆಗೂ ಹೊಟ್ಟೆಗೂ ಏನು ಸಂಬಂಧ ಅಂತ ನನಗೂ ಅನಿಸಿತ್ತು. ನಮ್ಮ ಮೈಯ ಸೆರೊಟೋನಿನ್‌ನಲ್ಲಿ ನೂರಕ್ಕೆ ಸುಮಾರು 90 ಪಾಲು ಇರುವುದು ಹೊಟ್ಟೆ ಮತ್ತು ಕರುಳಿನಲ್ಲಂತೆ. ಹಾಗಾಗಿ ಮಾತ್ರೆಯ ಬಿಸಿ ಮೊದಲು ತಟ್ಟುವುದು ಅಲ್ಲಿಗೇ. ವಾಕರಿಕೆ, ಭೇದಿ, ಹೊಟ್ಟೆ ಗುಡುಗುಡು, ಹಸಿವಿಲ್ಲದಿರುವುದು ಒಂದೆರಡು ವಾರದಲ್ಲಿ ಹೆಚ್ಚಿನವರಿಗೆ ಇಳಿಯುತ್ತದೆ. ಖಾಲಿ ಹೊಟ್ಟೆಗೆ ಮಾತ್ರೆ ಬೇಡ. ಅಕ್ಕಿ ರೊಟ್ಟಿಯೋ ನೂಪುಟ್ಟೋ ತಿಂದ ಮೇಲೆ ತೆಗೆದುಕೊಳ್ಳಿ. ಆ ಎರಡು ವಾರ ಹಂದಿ ಸಾರು, ಎಣ್ಣೆಯಲ್ಲಿ ಕರಿದದ್ದು ಕಡಿಮೆ ಇರಲಿ. ಗಂಜಿ, ಮಜ್ಜಿಗೆ, ಸ್ವಲ್ಪ ಶುಂಠಿ, ಸ್ವಲ್ಪ ಸ್ವಲ್ಪವೇ ಊಟ. ಆದರೂ ತಡೆಯದಿದ್ದರೆ ಅರ್ಧ ಮಾತ್ರೆಯಿಂದ ಶುರು ಮಾಡಬಹುದಾ ಎಂದು ವೈದ್ಯರನ್ನು ಫೋನಿನಲ್ಲಾದರೂ ಕೇಳಿ. ಸಣ್ಣ ಡೋಸ್‌ನಿಂದ ಶುರು ಮಾಡಿ ಏರಿಸುವುದು ಅವರಿಗೆ ಹೊಸದಲ್ಲ.

ತಲೆನೋವು, ಆಕಳಿಕೆ, ರಾತ್ರಿ ಬೆವರು, ಬಾಯಿ ಒಣಗುವುದು, ವಿಚಿತ್ರ ಕನಸು ಕೂಡ ಬರಬಹುದು. ಕೆಲವರಿಗೆ ನಿದ್ದೆ ಹಾರಿಹೋಗುತ್ತದೆ, ಕೆಲವರಿಗೆ ಹಗಲೆಲ್ಲ ಮಂಪರು. ನಿದ್ದೆ ಹಾರಿದರೆ ಮಾತ್ರೆಯನ್ನು ಬೆಳಗಿನ ತಿಂಡಿಯ ನಂತರಕ್ಕೆ, ಮಂಪರಾದರೆ ರಾತ್ರಿಗೆ ಬದಲಾಯಿಸಬಹುದಾ ಎಂದು ಕೇಳಿ. ಫ್ಲುಯೋಕ್ಸೆಟಿನ್ ಅನ್ನು ಸಾಮಾನ್ಯವಾಗಿ ಬೆಳಿಗ್ಗೆ, ಮಿರ್ಟಾಜಪಿನ್ ಮತ್ತು ಅಮಿಟ್ರಿಪ್ಟಿಲಿನ್ ಅನ್ನು ರಾತ್ರಿ ಕೊಡುತ್ತಾರೆ.

ಕಾಫಿ! ಕೊಡಗಿನವರಿಗೆ ಕಾಫಿ ಬಿಡಿ ಎನ್ನುವ ಧೈರ್ಯ ನನಗಿಲ್ಲ. ನಾನೂ ಬಿಟ್ಟಿಲ್ಲ. ಆದರೆ ಮೊದಲ ದಿನಗಳ ಎದೆ ಬಡಿತ, ಕೈ ನಡುಕ, ಒಳಗಿನ ಚಡಪಡಿಕೆ ಮತ್ತು ನಾಲ್ಕನೇ ಲೋಟ ಕಾಫಿ, ಇವೆಲ್ಲ ಒಂದೇ ದಿಕ್ಕಿಗೆ ಎಳೆಯುತ್ತವೆ. ಯಾವುದು ಮಾತ್ರೆಯಿಂದ, ಯಾವುದು ಕಾಫಿಯಿಂದ ಎಂದೇ ಗೊತ್ತಾಗುವುದಿಲ್ಲ. ಎರಡು ವಾರ ಬೆಳಿಗ್ಗೆ ಒಂದು, ಮಧ್ಯಾಹ್ನದ ಮೊದಲು ಇನ್ನೊಂದು ಬೆಲ್ಲದ ಕಾಫಿಗೆ ನಿಲ್ಲಿಸಿ ನೋಡಿ. ಫ್ಲುವೋಕ್ಸಮಿನ್ (ಫ್ಲುಯೋಕ್ಸೆಟಿನ್ ಅಲ್ಲ, ಅದೇ ಗುಂಪಿನ ಇನ್ನೊಂದು) ತೆಗೆದುಕೊಳ್ಳುವವರು ಇನ್ನೂ ಹುಷಾರಾಗಿರಬೇಕು. ಆ ಮಾತ್ರೆ ಲಿವರ್‌ನಲ್ಲಿ ಕೆಫೀನ್ ಕರಗುವುದನ್ನೇ ತಡೆಯುತ್ತದೆ. ಒಂದು ಲೋಟ ಕುಡಿದರೂ ಹಲವು ಲೋಟ ಕುಡಿದ ಹಾಗಾಗುತ್ತದೆ.

ತೋಟದ ಕೆಲಸದವರಿಗೆ ಒಂದು ಮಾತು. ಮಾತ್ರೆ ಶುರುವಾದ ಮೊದಲ ವಾರಗಳಲ್ಲಿ, ಡೋಸ್ ಏರಿಸಿದ ದಿನಗಳಲ್ಲಿ ಏಣಿ ಹತ್ತಬೇಡಿ. ಮೆಣಸು ಕೊಯ್ಲಿಗೆ ಸಿಲ್ವರ್ ಓಕ್ ಮರದ ಮೇಲೆ ಏಣಿ ಇಟ್ಟು ನಿಂತಾಗ ಒಂದು ಕ್ಷಣ ತಲೆ ಸುತ್ತಿದರೆ ಸಾಕು. ಕಳೆ ಕೊಚ್ಚುವ ಯಂತ್ರ, ಮರ ಕೊಯ್ಯುವ ಯಂತ್ರವೂ ಬೇಡ. ಘಾಟಿಯ ತಿರುವಿನಲ್ಲಿ ಪಿಕಪ್ ಓಡಿಸುವವರು ಮೊದಲು ಮಾತ್ರೆ ತಮಗೆ ಮಂಪರು ತರುತ್ತದಾ ಎಂದು ನೋಡಿಕೊಳ್ಳಬೇಕು. ತೋಟದ ಮಾಲೀಕರಲ್ಲಿ, ಕೆಲಸ ನೋಡಿಕೊಳ್ಳುವ ರೈಟರ್‌ಗಳಲ್ಲಿ ನನ್ನ ವಿನಂತಿ: ಕೆಲಸದವರ ಲೈನ್ ಮನೆಯ ಯಾರಾದರೂ "ಮಾತ್ರೆ ತಗೊಳ್ತಾ ಇದ್ದೇನೆ, ಕೆಳಗಿನ ಕೆಲಸ ಕೊಡಿ" ಎಂದರೆ ಏಕೆ ಎಂದು ಕೆದಕದೆ ಕೊಡಿ.

ಒಂದು ಹೊತ್ತಿನ ಮಾತ್ರೆ ಮರೆತರೆ? ಅದೇ ದಿನ ನೆನಪಾದರೆ ತೆಗೆದುಕೊಳ್ಳಿ. ಮುಂದಿನ ಮಾತ್ರೆಯ ಹೊತ್ತು ಹತ್ತಿರ ಬಂದಿದ್ದರೆ ಮರೆತದ್ದನ್ನು ಬಿಟ್ಟುಬಿಡಿ. ಎರಡು ಒಟ್ಟಿಗೆ ಬೇಡ.

ಹೆಜ್ಜೆ 4: ಕ್ಯಾಲೆಂಡರ್‌ನಲ್ಲಿ ಒಂದು ಗೆರೆ

ಎರಡನೇ ಸಲ ನನ್ನನ್ನು ಉಳಿಸಿದ್ದು ಅಡುಗೆಮನೆಯ ಗೋಡೆಯ ಕ್ಯಾಲೆಂಡರ್. ದಿನಕ್ಕೆ ಮೂರೇ ಸಂಗತಿ ಬರೆಯುತ್ತಿದ್ದೆ. ಎಷ್ಟು ಗಂಟೆ ಮಲಗಿದೆ, ಹೊಟ್ಟೆ ಹೇಗಿತ್ತು, ಮನಸ್ಸಿಗೆ ಹತ್ತರಲ್ಲಿ ಎಷ್ಟು ಅಂಕ. ಮನಸ್ಸು ಕುಗ್ಗಿದಾಗ ನೆನಪು ಮೋಸ ಮಾಡುತ್ತದೆ. "ಒಂದು ದಿನವೂ ಚೆನ್ನಾಗಿರಲಿಲ್ಲ" ಎಂದು ನಾನು ವೈದ್ಯರಿಗೆ ಹೇಳುತ್ತಿದ್ದೆ. ಕ್ಯಾಲೆಂಡರ್ ನೋಡಿದರೆ ಮೂರನೇ ವಾರದಲ್ಲಿ ವಾಕರಿಕೆ ನಿಂತಿತ್ತು, ಅಂಕ ಎರಡರಿಂದ ನಾಲ್ಕಕ್ಕೆ ಏರಿತ್ತು. ನನಗೇ ಗೊತ್ತಾಗಿರಲಿಲ್ಲ.

ಮಾತ್ರೆ ಶುರುವಾಗುವ ಮೊದಲಿನ ಎರಡು ಮೂರು ದಿನವನ್ನೂ ಬರೆದಿಡಿ. ಮೊದಲೇ ಇದ್ದ ತಲೆನೋವನ್ನು ಆಮೇಲೆ ಮಾತ್ರೆಯ ತಲೆಗೆ ಕಟ್ಟುವುದು ತಪ್ಪುತ್ತದೆ.

ಹೆಜ್ಜೆ 5: ಬಾಯಿ ಬಿಟ್ಟು ಹೇಳಲಾಗದ ತೊಂದರೆ

ಎರಡು ವಾರ ಕಳೆದ ಮೇಲೂ ಉಳಿಯುವ ಕೆಲವು ತೊಂದರೆಗಳಿವೆ. ಅವುಗಳಲ್ಲಿ ಮುಖ್ಯವಾದದ್ದು ಗಂಡ ಹೆಂಡತಿಯ ನಡುವಿನದು. ಆಸೆ ಕಡಿಮೆಯಾಗುವುದು, ಗಂಡಸರಿಗೆ ಗಡಸುತನ ಕಡಿಮೆಯಾಗುವುದು ಅಥವಾ ಸ್ಖಲನ ತಡವಾಗುವುದು, ಹೆಂಗಸರಿಗೆ ಸುಖದ ತುದಿ ತಲುಪಲಾಗದಿರುವುದು. ಸೆರೊಟೋನಿನ್ ಗುಂಪಿನ ಮಾತ್ರೆಗಳಲ್ಲಿ ಇದು ತುಂಬಾ ಸಾಮಾನ್ಯ. ಹೇಳಲು ನಾಚಿಕೆ, ಕೇಳಲು ವೈದ್ಯರಿಗೂ ಪುರುಸೊತ್ತಿಲ್ಲ. ಗಂಡ "ನನ್ನ ಮೇಲೆ ಪ್ರೀತಿ ಹೋಯಿತು" ಅಂದುಕೊಳ್ಳುತ್ತಾನೆ, ಹೆಂಡತಿ "ಬೇರೆ ಯಾರೋ ಇದ್ದಾರೆ" ಅಂದುಕೊಳ್ಳುತ್ತಾಳೆ. ಮಾತ್ರೆ ಮಾಡಿದ ಕೆಲಸಕ್ಕೆ ಮನೆ ಒಡೆಯಬಾರದು, ಅಲ್ವಾ? ಬಾಯಿ ಬರದಿದ್ದರೆ ಒಂದು ಚೀಟಿಯಲ್ಲಿ "ಮಾತ್ರೆ ಶುರುವಾದ ಮೇಲೆ ದಾಂಪತ್ಯದಲ್ಲಿ ತೊಂದರೆ ಆಗಿದೆ" ಎಂದು ಬರೆದು ವೈದ್ಯರ ಕೈಗೆ ಕೊಡಿ. ಅಷ್ಟು ಸಾಕು. ಡೋಸ್ ಇಳಿಸುವುದು, ಈ ತೊಂದರೆ ಕಡಿಮೆ ಇರುವ ಮಿರ್ಟಾಜಪಿನ್ ಅಥವಾ ಬುಪ್ರೊಪಿಯಾನ್‌ಗೆ ಬದಲಾಯಿಸುವುದು, ಹೀಗೆ ಅವರ ಬಳಿ ದಾರಿಗಳಿವೆ. ಹೆಚ್ಚಿನವರಿಗೆ ಮಾತ್ರೆ ನಿಂತ ಮೇಲೆ ಇದು ಸರಿಯಾಗುತ್ತದೆ. ಕೆಲವೇ ಜನರಿಗೆ ಆಮೇಲೂ ಉಳಿಯಬಹುದು. ಆದ್ದರಿಂದಲೇ ಬೇಗ ಹೇಳುವುದು ಒಳ್ಳೆಯದು.

ತೂಕ ಎರಡನೆಯದು. ಮಿರ್ಟಾಜಪಿನ್, ಪ್ಯಾರೋಕ್ಸೆಟಿನ್, ಅಮಿಟ್ರಿಪ್ಟಿಲಿನ್‌ನಲ್ಲಿ ಜಾಸ್ತಿ. ತಿಂಗಳಿಗೊಮ್ಮೆ ತೂಕ ನೋಡಿ ಕ್ಯಾಲೆಂಡರ್‌ನಲ್ಲಿ ಬರೆಯಿರಿ. ಹಸಿವೇ ಹೋಗಿ ಸೊರಗಿದವರಿಗೆ ಇದೇ ಗುಣ ವರವಾಗುವುದೂ ಉಂಟು.

ಮೂರನೆಯದನ್ನು ಹೇಳುವುದು ಕಷ್ಟ. ಅಳು ನಿಂತಿತು, ಆದರೆ ನಗುವೂ ಬರುತ್ತಿಲ್ಲ. ಮಗುವಿನ ಮುಖ ನೋಡಿದರೂ ಒಳಗೆ ಏನೂ ಕದಲುವುದಿಲ್ಲ. ಕಂಬಳಿ ಹೊದ್ದು ಜಗತ್ತನ್ನು ನೋಡಿದ ಹಾಗೆ. ನನಗೆ ಮೂರನೇ ತಿಂಗಳಲ್ಲಿ ಹೀಗಾಯಿತು. ಡೋಸ್ ಸ್ವಲ್ಪ ಇಳಿಸಿದ ಮೇಲೆ ಸರಿಹೋಯಿತು. ಇದು ಮಾತ್ರೆಯಿಂದಲೂ ಇರಬಹುದು, ಪೂರ್ತಿ ಗುಣವಾಗದ ಡಿಪ್ರೆಶನ್‌ನಿಂದಲೂ ಇರಬಹುದು. ಬೇರ್ಪಡಿಸಿ ನೋಡುವುದು ವೈದ್ಯರ ಕೆಲಸ.

ಹೆಜ್ಜೆ 6: ಯಾವುದರ ಜೊತೆ ಸೇರಿಸಬಾರದು

ಮಳೆಗಾಲದಲ್ಲಿ ಕೆಮ್ಮು, ತೋಟದ ಕೆಲಸಕ್ಕೆ ಮೈಕೈ ನೋವು. ಎರಡಕ್ಕೂ ನಾವು ಸೀದಾ ಹೋಗುವುದು ಮೆಡಿಕಲ್ ಶಾಪ್‌ಗೆ. ಅಲ್ಲಿ ಮೊದಲು "ನಾನು ಈ ಮಾತ್ರೆ ತಗೊಳ್ತೇನೆ" ಎಂದು ಹೆಸರು ಹೇಳಿ.

ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೇನ್, ಆಸ್ಪಿರಿನ್ ಜೊತೆ ಸೆರೊಟೋನಿನ್ ಮಾತ್ರೆ ಸೇರಿದರೆ ಹೊಟ್ಟೆಯೊಳಗೆ ರಕ್ತಸ್ರಾವ ಆಗುವ ಸಾಧ್ಯತೆ ಏರುತ್ತದೆ. ಸಾಧಾರಣ ನೋವಿಗೆ ಪ್ಯಾರಾಸಿಟಮಾಲ್ ಸಾಕು. ಹೃದಯಕ್ಕೆಂದು ವೈದ್ಯರೇ ಆಸ್ಪಿರಿನ್ ಬರೆದಿದ್ದರೆ ನೀವಾಗಿಯೇ ನಿಲ್ಲಿಸಬೇಡಿ. ಇಬ್ಬರು ವೈದ್ಯರಿಗೂ ವಿಷಯ ಗೊತ್ತಿರಲಿ. ಮಲ ಟಾರಿನ ಹಾಗೆ ಕಪ್ಪಗೆ ಹೋದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಟ್ರಮಡಾಲ್ ಎಂಬ ನೋವಿನ ಮಾತ್ರೆ, ಡೆಕ್ಸ್ಟ್ರೋಮೆಥಾರ್ಫಾನ್ ಇರುವ ಕೆಮ್ಮಿನ ಸಿರಪ್, ಲಿನೆಜೋಲಿಡ್ ಎಂಬ ಆ್ಯಂಟಿಬಯೋಟಿಕ್, ಇವು ಸೇರಿದರೆ ಮೈಯಲ್ಲಿ ಸೆರೊಟೋನಿನ್ ಅತಿಯಾಗಬಹುದು. ಇಂಥದ್ದು ಅಪರೂಪ, ಆದರೆ ಒಮ್ಮೆ ಬಂದರೆ ಗಂಟೆಗಳ ಲೆಕ್ಕದಲ್ಲಿ ಏರುತ್ತದೆ.

ಹೆಜ್ಜೆ 7: ಕಾಯದೆ ಹೊರಡಬೇಕಾದ ಗುರುತುಗಳು

ಇದನ್ನು ಬರೆದು ಫ್ರಿಜ್ ಮೇಲೆ ಅಂಟಿಸಿ. ಮನೆಯವರೂ ಓದಲಿ.

ಜ್ವರ, ಬೆವರು, ಮೈ ಬಿಗಿತ, ಕೈಕಾಲು ತಾನಾಗಿ ಎಗರುವುದು, ಗೊಂದಲ ಎಲ್ಲ ಒಟ್ಟಿಗೆ ಬಂದರೆ ಅದು ಈಗ ಹೇಳಿದ ಸೆರೊಟೋನಿನ್ ಅತಿಯಾದದ್ದಿರಬಹುದು. ಮೈಯೆಲ್ಲ ದದ್ದು, ಮುಖ ಅಥವಾ ನಾಲಿಗೆ ಊದುವುದು, ಉಸಿರು ಕಟ್ಟುವುದು ಅಲರ್ಜಿ. ಎದೆ ಬಡಿತ ತಪ್ಪಿ ಕಣ್ಣು ಕತ್ತಲೆಯಾಗಿ ಬಿದ್ದರೆ, ಫಿಟ್ಸ್ ಬಂದರೆ, ಮೂತ್ರ ಕಟ್ಟಿದರೆ, ಕಣ್ಣು ಕೆಂಪಾಗಿ ವಿಪರೀತ ನೋವು ಬಂದರೆ ಕೂಡ ಅಷ್ಟೇ. 108ಕ್ಕೆ ಫೋನ್ ಮಾಡಿ. ದೂರದ ತೋಟದ ಮನೆಗೆ ಆಂಬ್ಯುಲೆನ್ಸ್ ಬರುವುದು ತಡ ಎಂದು ಗೊತ್ತಿದ್ದರೆ ಸಿಕ್ಕ ಜೀಪಿನಲ್ಲಿ ಹೊರಡಿ. ಸ್ಟ್ರಿಪ್‌ಗಳನ್ನು ಜೊತೆಗೆ ಒಯ್ಯಲು ಮರೆಯಬೇಡಿ.

ಮನಸ್ಸಿನ ಗುರುತುಗಳು ಬೇರೆ. ಕೂತಲ್ಲಿ ಕೂರಲಾಗದ ಚಡಪಡಿಕೆ, ಹಿಂದೆಂದೂ ಇಲ್ಲದ ಸಿಟ್ಟು, ರಾತ್ರಿಯಿಡೀ ಅಡ್ಡಾಡುವುದು, ಸಾಯುವ ಮಾತು. 25 ವರ್ಷದೊಳಗಿನವರಲ್ಲಿ ಮಾತ್ರೆ ಶುರುವಾದ ಮೊದಲ ವಾರಗಳಲ್ಲಿ, ಡೋಸ್ ಬದಲಾದಾಗ ಇಂಥ ಯೋಚನೆ ಹೆಚ್ಚಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಬಗ್ಗೆ 2004ರಲ್ಲಿ ಮಕ್ಕಳಿಗೆ, 2007ರಲ್ಲಿ 24 ವರ್ಷದವರೆಗಿನ ಯುವಜನರಿಗೆ ಎಚ್ಚರಿಕೆ ಹೊರಡಿಸಿತು. ಅಂದರೆ ಮಕ್ಕಳಿಗೆ ಮಾತ್ರೆ ಕೊಡಲೇಬಾರದು ಎಂದಲ್ಲ. ಕೊಟ್ಟ ಮೇಲೆ ಹತ್ತಿರದಿಂದ ನೋಡಿಕೊಳ್ಳಬೇಕು. ಮೈಸೂರಿನಲ್ಲೋ ಮಂಗಳೂರಿನಲ್ಲೋ ಹಾಸ್ಟೆಲ್‌ನಲ್ಲಿರುವ ಮಗಳಿಗೆ ಮಾತ್ರೆ ಶುರುವಾಗಿದ್ದರೆ ಮೊದಲ ತಿಂಗಳು ಮನೆಗೆ ಕರೆಸಿಕೊಳ್ಳಿ, ಇಲ್ಲವೇ ನೀವೇ ಹೋಗಿ ಬನ್ನಿ. ಸಾಯುವ ಯೋಚನೆ ಬರುತ್ತಿದೆಯಾ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ.

ನಮ್ಮ ಜಿಲ್ಲೆಯಲ್ಲಿ ಇದರ ಜೊತೆಗೇ ಹೇಳಬೇಕಾದ ಮಾತೊಂದಿದೆ. ಬಹಳ ಮನೆಗಳಲ್ಲಿ ಕೋವಿ ಇದೆ. ಅದಕ್ಕೆ ನಾವು ಪೂಜೆ ಮಾಡುತ್ತೇವೆ, ಅದು ಮನೆತನದ ಗೌರವ. ಆ ಗೌರವ ಉಳಿಯಬೇಕಾದರೇ, ಮನೆಯಲ್ಲಿ ಒಬ್ಬರ ಮನಸ್ಸು ಕುಗ್ಗಿದ್ದಾಗ ಅದು ಕೈಗೆ ಸಿಗುವ ಜಾಗದಲ್ಲಿ ಇರಬಾರದು. ಬೀಗ ಹಾಕಿ, ಬೀಗದ ಕೈ ಮನೆಯಿಂದ ಹೊರಗೆ ಇರಲಿ. ಕೆಲವು ತಿಂಗಳು ಬೇರೆ ಕಡೆ ಕಾನೂನು ಪ್ರಕಾರ ಹೇಗೆ ಇಡಬಹುದು ಎಂದು ಠಾಣೆಯಲ್ಲಿ ವಿಚಾರಿಸಿ. ತೋಟಕ್ಕೆ ಹೊಡೆಯುವ ಔಷಧಿಗಳೂ ಬೀಗದೊಳಗೇ ಇರಲಿ. ಮಾತ್ರೆಗಳನ್ನೂ ತಿಂಗಳಿನದ್ದು ಅವರ ಕೈಗೆ ಕೊಡದೆ ದಿನದ್ದು ದಿನ ಕೊಡಿ. ಇದು ಅನುಮಾನವಲ್ಲ. ಜ್ವರ ಬಂದವರನ್ನು ಮಳೆಗೆ ಬಿಡುತ್ತೇವಾ? ಹಾಗೆಯೇ.

ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416. 2022ರಿಂದ ಇದೆ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು, ದುಡ್ಡಿಲ್ಲ. ಸೈಡ್ ಎಫೆಕ್ಟ್ ಬಗ್ಗೆ ಕೇಳಲೂ ಫೋನ್ ಮಾಡಬಹುದು. ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆಯ ಬೋಧಕ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವಿದೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೂ ಮನೋವೈದ್ಯರು ಬರುತ್ತಾರೆ. ನಿಮ್ಮ ತಾಲ್ಲೂಕಿಗೆ ಯಾವ ದಿನ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿಕೊಳ್ಳಿ.

ಹೆಜ್ಜೆ 8: ವಯಸ್ಸಾದವರು, ಬಸುರಿ, ಬಾಣಂತಿ

ಅಜ್ಜ ಅಜ್ಜಿಯರಿಗೆ ಮಾತ್ರೆ ಶುರುವಾಗಿ ಒಂದೆರಡು ವಾರದಲ್ಲಿ ಮಂಕು ಕವಿದರೆ, ತಡವರಿಸಿ ಬಿದ್ದರೆ, ಮಾತು ಅಸಂಬದ್ಧವಾದರೆ "ವಯಸ್ಸಾಯ್ತು" ಎಂದು ಬಿಡಬೇಡಿ. ರಕ್ತದಲ್ಲಿ ಸೋಡಿಯಂ ಇಳಿದಿರಬಹುದು. 135ರಿಂದ 145 ಇರಬೇಕಾದದ್ದು ಕೆಳಗೆ ಹೋದರೆ ಹೀಗಾಗುತ್ತದೆ. ಬಿ.ಪಿ.ಗೆಂದು ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಈ ಅಪಾಯ ಜಾಸ್ತಿ. ಒಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಮನೆಯಲ್ಲೇ ಉಪ್ಪು ನೀರು ಕುಡಿಸಿ ಸರಿಪಡಿಸಲು ಹೋಗಬೇಡಿ. ಅಮಿಟ್ರಿಪ್ಟಿಲಿನ್‌ನಂಥ ಹಳೆಯ ಮಾತ್ರೆಗಳಿಂದ ಮಲಬದ್ಧತೆ, ಮೂತ್ರ ಕಟ್ಟುವುದು, ಎದ್ದು ನಿಂತ ಕೂಡಲೇ ಕಣ್ಣು ಕತ್ತಲೆ ಬರುವುದು ವಯಸ್ಸಾದವರಿಗೆ ಹೆಚ್ಚು. ರಾತ್ರಿ ಎದ್ದಾಗ ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತು ಆಮೇಲೆ ಏಳಲಿ. ಜಾರುವ ಬಚ್ಚಲಿಗೆ ಲೈಟ್ ಹಾಕಿಡಿ.

ಬಸುರಿ ಎಂದು ಗೊತ್ತಾದ ದಿನವೇ ಹೆದರಿ ಮಾತ್ರೆ ಎಸೆಯುವವರಿದ್ದಾರೆ. ಎಸೆಯಬೇಡಿ, ಆ ವಾರವೇ ವೈದ್ಯರ ಬಳಿ ಹೋಗಿ. ಡಿಪ್ರೆಶನ್ ಮರಳಿದರೆ ತಾಯಿಗೂ ಮಗುವಿಗೂ ಕಷ್ಟ. ಪ್ಯಾರೋಕ್ಸೆಟಿನ್ ಅನ್ನು ಸಾಮಾನ್ಯವಾಗಿ ತಪ್ಪಿಸುತ್ತಾರೆ. ಹಾಲು ಕುಡಿಸುವ ತಾಯಂದಿರಿಗೆ ಹೆಚ್ಚಾಗಿ ಸರ್ಟ್ರಲಿನ್ ಆರಿಸುತ್ತಾರೆ.

ಹೆಜ್ಜೆ 9: ಮಳೆಗಾಲಕ್ಕೆ ಮೊದಲು, ಮತ್ತು ಮಾತ್ರೆ ಬಿಡುವಾಗ

ಎರಡನೇ ಸಲ ಮಾತ್ರೆ ಶುರು ಮಾಡಿ ಚೆನ್ನಾಗಿದ್ದಾಗಲೇ ಒಂದು ಜುಲೈ ತಿಂಗಳಲ್ಲಿ ಸ್ಟ್ರಿಪ್ ಖಾಲಿಯಾಯಿತು. ಜೋರು ಮಳೆ, ರಸ್ತೆಗೆ ಮರ ಬಿದ್ದು ಬಸ್ಸಿಲ್ಲ, ಕರೆಂಟಿಲ್ಲ. ನಾಲ್ಕು ದಿನ ತಾನೇ ಅಂದುಕೊಂಡೆ. ಎರಡನೇ ದಿನ ತಲೆ ತಿರುಗಿಸಿದರೆ ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಝುಂ ಎಂದಿತು. ವಾಕರಿಕೆ, ಕಾರಣವಿಲ್ಲದ ಅಳು, ಮನೆಯವರ ಮೇಲೆ ರೇಗಾಟ. ಮೆದುಳಿಗೇ ಏನೋ ಆಯಿತು ಎಂದು ರಾತ್ರಿಯಿಡೀ ನಡುಗಿದೆ. ಮಾತ್ರೆ ಸಿಕ್ಕಿ ಒಂದೆರಡು ದಿನದಲ್ಲಿ ಎಲ್ಲ ನಿಂತಿತು.

ಒಮ್ಮೆಗೇ ನಿಲ್ಲಿಸಿದಾಗ ಹೀಗಾಗುತ್ತದೆ. ಪ್ಯಾರೋಕ್ಸೆಟಿನ್, ವೆನ್ಲಾಫ್ಯಾಕ್ಸಿನ್‌ನಲ್ಲಿ ಜಾಸ್ತಿ, ಏಕೆಂದರೆ ಅವು ಮೈಯಿಂದ ಬೇಗ ಹೊರಟುಹೋಗುತ್ತವೆ. ಫ್ಲುಯೋಕ್ಸೆಟಿನ್ ವಾರಗಟ್ಟಲೆ ನಿಧಾನವಾಗಿ ಇಳಿಯುವುದರಿಂದ ಅದರಲ್ಲಿ ಕಡಿಮೆ. ಅದಕ್ಕೇ ಈಗ ನಾನು ಮೇ ತಿಂಗಳಲ್ಲಿ ಅಕ್ಕಿ, ಸೌದೆ ತುಂಬಿಸಿಡುವಾಗ ಮಾತ್ರೆಯನ್ನೂ ಎಣಿಸುತ್ತೇನೆ. "ಮಳೆಗಾಲಕ್ಕೆ 15 ದಿನದ್ದು ಹೆಚ್ಚಿಗೆ ಬರೆದುಕೊಡಿ" ಎಂದು ವೈದ್ಯರನ್ನು ಕೇಳಿ. ತೇವ ತಾಗದಂತೆ ಸ್ಟ್ರಿಪ್‌ನಲ್ಲೇ ಬಿಟ್ಟು ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಇಡಿ, ಡಬ್ಬಿ ಮನೆಯ ಜವಾಬ್ದಾರಿ ಇರುವವರ ಬೀರುವಿನಲ್ಲಿರಲಿ. ದುಡ್ಡಿನ ತೊಂದರೆಯಿಂದ ಮಾತ್ರೆ ತಪ್ಪುತ್ತಿದ್ದರೆ ಜನೌಷಧಿ ಅಂಗಡಿಯಲ್ಲಿ ಅದೇ ಔಷಧಿ ಕಡಿಮೆ ಬೆಲೆಗೆ ಕೇಳಿ ನೋಡಿ, ಸರ್ಕಾರಿ ಆಸ್ಪತ್ರೆಯಲ್ಲೂ ವಿಚಾರಿಸಿ.

ಮಾತ್ರೆ ಯಾವಾಗ ಬಿಡುವುದು? ಮೊದಲ ಸಲ ಡಿಪ್ರೆಶನ್ ಬಂದವರಿಗೆ ಪೂರ್ತಿ ಗುಣವಾದ ಮೇಲೂ ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳು ಮುಂದುವರಿಸಲು ಹೇಳುತ್ತಾರೆ. ಮತ್ತೆ ಮತ್ತೆ ಬಂದವರಿಗೆ ಎರಡು ವರ್ಷ ಅಥವಾ ಇನ್ನೂ ಹೆಚ್ಚು. ಬಿಡುವಾಗ ವಾರ, ತಿಂಗಳುಗಳ ಲೆಕ್ಕದಲ್ಲಿ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಕೊನೆಯ ಸಣ್ಣ ಡೋಸ್‌ನಿಂದ ಸೊನ್ನೆಗೆ ಇಳಿಯುವುದೇ ಕೆಲವರಿಗೆ ಎಲ್ಲಕ್ಕಿಂತ ಕಷ್ಟ, ಅಲ್ಲಿ ಆತುರ ಬೇಡ. ದಿನ ಬಿಟ್ಟು ದಿನ ತೆಗೆದುಕೊಂಡು ಬಿಡುವುದು ಒಳ್ಳೆಯ ದಾರಿಯಲ್ಲ. ಮೈಗೆ ಒಂದು ದಿನ ಸಿಕ್ಕಿ ಒಂದು ದಿನ ಸಿಗದ ಹಾಗಾಗುತ್ತದೆ.

ಇಳಿಸುವಾಗ ಮನಸ್ಸು ಕೆಟ್ಟರೆ ಕಾಯಿಲೆ ಮರಳಿತಾ, ಬಿಟ್ಟ ತೊಂದರೆಯಾ ಎಂದು ತಿಳಿಯಲು ಮತ್ತೆ ಕ್ಯಾಲೆಂಡರ್ ನೋಡಿ. ಇಳಿಸಿದ ಕೆಲವೇ ದಿನಗಳಲ್ಲಿ, ಝುಂ ಎನ್ನುವ ತಲೆ ಮತ್ತು ತಲೆ ಸುತ್ತಿನ ಜೊತೆ ಬಂದರೆ ಹೆಚ್ಚಾಗಿ ಬಿಟ್ಟದ್ದರ ತೊಂದರೆ. ವಾರಗಳು ಕಳೆದ ಮೇಲೆ ನಿಧಾನವಾಗಿ, ಹಳೆಯ ಹಾಗೆಯೇ ನಿದ್ದೆ, ಊಟ, ಮಾತು ಒಂದೊಂದಾಗಿ ಬಿಟ್ಟುಹೋಗುತ್ತಿದ್ದರೆ ಕಾಯಿಲೆ. ಎರಡರಲ್ಲಿ ಯಾವುದಾದರೂ, ಆ ಕ್ಯಾಲೆಂಡರಿನ ಹಾಳೆಯನ್ನೇ ಹರಿದುಕೊಂಡು ವೈದ್ಯರ ಬಳಿ ಹೋಗಿ.